ಟರ್ಮಿನಲ್ ಮತ್ತು ಶೆಲ್: ಒಂದು ವಿಭಜನೆಯ ಇತಿಹಾಸ

೧. ಪ್ರಶ್ನೆಯ ಸ್ವರೂಪ

ಗಣಕಯಂತ್ರದ ಪರದೆಯ ಮೇಲೆ ಒಂದು ಕಪ್ಪು ಚೌಕವನ್ನು ತೆರೆದು, ಅದರಲ್ಲಿ ಅಕ್ಷರರೂಪದ ಆದೇಶಗಳನ್ನು ಬರೆದು, ಯಂತ್ರದಿಂದ ಅಕ್ಷರರೂಪದಲ್ಲಿಯೇ ಉತ್ತರವನ್ನು ಪಡೆಯುವ ಪದ್ಧತಿಯು ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಈ ಚೌಕವನ್ನು ಕೆಲವರು ಟರ್ಮಿನಲ್ ಎನ್ನುತ್ತಾರೆ. ಕೆಲವರು ಶೆಲ್ ಎನ್ನುತ್ತಾರೆ. ಎರಡೂ ಒಂದೇ ವಸ್ತುವಿನ ಎರಡು ಹೆಸರುಗಳೆಂಬ ಭಾವನೆ ಅಧ್ಯಾಪಕರಲ್ಲಿಯೂ ಇಲ್ಲದಿಲ್ಲ. ವಸ್ತುಸ್ಥಿತಿ ಬೇರೆಯಾಗಿದೆ. ಅಲ್ಲಿ ಎರಡು ಸ್ವತಂತ್ರ ಕ್ರಮವಿಧಿಗಳು ನಡೆಯುತ್ತಿರುತ್ತವೆ. ಟರ್ಮಿನಲ್ ಎಂಬುದು ಒತ್ತಿದ ಕೀಲಿಗಳನ್ನು ಸಾಗಿಸುತ್ತದೆ ಮತ್ತು ಬಂದ ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸುತ್ತದೆ. ಅವುಗಳ ಅರ್ಥವನ್ನು ಅದು ಅರಿಯದು. ಶೆಲ್ ಎಂಬುದು ಆದೇಶದ ಅರ್ಥವನ್ನು ತಿಳಿದು ಅದನ್ನು ನಡೆಸುತ್ತದೆ. ಪರದೆಯ ಬಣ್ಣವಾಗಲಿ ಅಕ್ಷರದ ಆಕಾರವಾಗಲಿ ಅದಕ್ಕೆ ಗೋಚರವಿಲ್ಲ. ಇವೆರಡರ ನಡುವೆ ಕಾರ್ಯಾಚರಣ ವ್ಯವಸ್ಥೆಯ ಒಂದು ಭಾಗವು ಮಧ್ಯವರ್ತಿಯಂತೆ ನಿಂತಿರುತ್ತದೆ.

ಒಂದೇ ಮೇಜಿನ ಮೇಲೆ, ಒಂದೇ ಯಂತ್ರದೊಳಗೆ, ಒಬ್ಬನೇ ವ್ಯಕ್ತಿಗಾಗಿ ನಡೆಯುವ ಕೆಲಸದಲ್ಲಿ ಇಂಥ ವಿಭಜನೆ ಏಕೆ ಉಂಟಾಯಿತು? ಇದನ್ನು ಐತಿಹಾಸಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿಭಜನೆಯ ಒಂದು ಪಾಲು ಹಳೆಯ ಯಂತ್ರಗಳ ಅನಿವಾರ್ಯತೆಯಿಂದ ಬಂದದ್ದು, ಮತ್ತೊಂದು ಪಾಲು ಕೆಲವು ವ್ಯಕ್ತಿಗಳು ಬುದ್ಧಿಪೂರ್ವಕವಾಗಿ ಕೈಗೊಂಡ ನಿರ್ಧಾರದಿಂದ ಬಂದದ್ದು ಎಂಬುದು ನಮ್ಮ ಅಭಿಪ್ರಾಯ. ಇವೆರಡನ್ನೂ ಪ್ರತ್ಯೇಕಿಸಿ ನೋಡದಿದ್ದರೆ, ಒಮ್ಮೆ ಅನಿವಾರ್ಯವಾಗಿದ್ದುದನ್ನು ಶಾಶ್ವತವೆಂದು ಬಗೆಯುವ ಸಂಭವವುಂಟು. ಕನ್ನಡ ಲಿಪಿಯಲ್ಲಿ ಬರೆಯುವ ನಮಗೆ ಈ ತಪ್ಪೆಣಿಕೆಯಿಂದ ಆಗಿರುವ ನಷ್ಟವೇನೆಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ನಿರೂಪಿಸುತ್ತೇವೆ.

೨. ತಂತಿಯ ತುದಿ

ಟರ್ಮಿನಲ್ ಎಂಬ ಶಬ್ದಕ್ಕೆ ತುದಿಯಲ್ಲಿರುವುದು ಎಂದರ್ಥ. ಯಾವುದರ ತುದಿ ಎಂದು ಕೇಳಿದರೆ, ತಂತಿಯ ತುದಿ ಎಂಬುದೇ ಉತ್ತರ. ಗಣಕಯಂತ್ರವು ಹುಟ್ಟುವುದಕ್ಕೆ ಮೊದಲೇ ತಂತಿಸುದ್ದಿಯನ್ನು ದೂರದಲ್ಲಿ ತಾನಾಗಿ ಅಚ್ಚುಹಾಕುವ ಟೆಲಿಟೈಪ್ ಯಂತ್ರಗಳು ಬಳಕೆಯಲ್ಲಿದ್ದವು. ಇಂಥವುಗಳಲ್ಲಿ ಪ್ರಸಿದ್ಧವಾದ ಟೆಲಿಟೈಪ್ ೩೩ ಎಂಬ ಮಾದರಿಯು ೧೯೬೩ರಲ್ಲಿ ಹೊರಬಂದಿತು. ಆಸ್ಕಿ ಎಂಬ ಅಮೆರಿಕನ್ ಅಕ್ಷರಸಂಕೇತದ ಮೊದಲ ರೂಪವು ಪ್ರಕಟವಾದದ್ದೂ ಅದೇ ವರ್ಷದಲ್ಲಿ. ಈ ಯಂತ್ರವು ಸೆಕೆಂಡಿಗೆ ೧೦ ಅಕ್ಷರಗಳನ್ನು ಮಾತ್ರ ಅಚ್ಚುಹಾಕುತ್ತಿತ್ತು. ಒಂದು ಸಾಲಿಗೆ ೭೨ ಅಕ್ಷರಗಳು ಹಿಡಿಯುತ್ತಿದ್ದವು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಟ್ಟರೆ ಸಣ್ಣಕ್ಷರಗಳು ಅದರಲ್ಲಿರಲಿಲ್ಲ. ಬರೆದದ್ದು ಕಾಗದದ ಸುರುಳಿಯ ಮೇಲೆ ಮೂಡುತ್ತಿದ್ದುದರಿಂದ ಅಳಿಸುವ ಮಾತೇ ಇರಲಿಲ್ಲ.

ಸಾಲು ಮುಗಿದಾಗ ಅಚ್ಚಿನ ಗಾಡಿಯನ್ನು ಎಡತುದಿಗೆ ಮರಳಿಸುವುದಕ್ಕೆ ಒಂದು ಸಂಕೇತ, ಕಾಗದವನ್ನು ಒಂದು ಸಾಲಿನಷ್ಟು ಮೇಲೆ ಸರಿಸುವುದಕ್ಕೆ ಇನ್ನೊಂದು ಸಂಕೇತ ಬೇಕಾಗಿದ್ದವು. ಗಾಡಿಯು ಎಡತುದಿಯನ್ನು ತಲುಪಲು ಒಂದು ಅಕ್ಷರದ ಅವಧಿಗಿಂತ ಹೆಚ್ಚು ಕಾಲ ಹಿಡಿಯುತ್ತಿದ್ದುದರಿಂದ, ಎರಡು ಸಂಕೇತಗಳನ್ನು ಒಂದರ ಹಿಂದೊಂದು ಕಳುಹಿಸುವುದು ಅನುಕೂಲವೂ ಆಗಿತ್ತು. ಆಸ್ಕಿಯ ೭ನೆಯ ಸಂಕೇತವು ಯಂತ್ರದೊಳಗಿನ ಗಂಟೆಯನ್ನು ಬಾರಿಸುತ್ತಿತ್ತು. ಗಾಡಿಯಿಲ್ಲದ, ಕಾಗದವಿಲ್ಲದ, ಗಂಟೆಯಿಲ್ಲದ ಇಂದಿನ ಪರದೆಗಳಲ್ಲಿಯೂ ಈ ಮೂರು ಸಂಕೇತಗಳು ಬಳಕೆಯಲ್ಲಿ ಉಳಿದಿವೆ.

ಟೆಲಿಟೈಪ್ ಯಂತ್ರವನ್ನು ಗಣಕದೊಡನೆ ಸಂವಾದ ನಡೆಸುವ ಸಾಧನವನ್ನಾಗಿ ಮಾಡಿದ್ದು ಕಾಲಹಂಚಿಕೆಯ ಪದ್ಧತಿ. ಅದಕ್ಕೆ ಮೊದಲು ಬಳಕೆದಾರರು ತೂತುಗಳನ್ನು ಕೊರೆದ ಕಾರ್ಡುಗಳ ಕಟ್ಟನ್ನು ನಿರ್ವಾಹಕರಿಗೆ ಒಪ್ಪಿಸಿ, ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು ೧೯೬೧ರ ನವೆಂಬರಿನಲ್ಲಿ ಐಬಿಎಂ ೭೦೯ ಯಂತ್ರದ ಮೇಲೆ ಸಿಟಿಎಸ್‌ಎಸ್ ಎಂಬ ಕಾಲಹಂಚಿಕೆಯ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದು ದೊಡ್ಡ ಯಂತ್ರವು ಅನೇಕ ಬಳಕೆದಾರರಿಗೆ ಕ್ಷಣಕ್ಷಣಕ್ಕೆ ತನ್ನ ಕಾಲವನ್ನು ಹಂಚುತ್ತ, ಪ್ರತಿಯೊಬ್ಬರಿಗೂ ಯಂತ್ರವು ತಮ್ಮೊಬ್ಬರದೇ ಎಂಬ ಅನುಭವವನ್ನು ಕೊಡುವುದು ಇದರ ತತ್ತ್ವ.

ಹೀಗೆ ಮೊದಲ ವಿಭಜನೆಯು ಕೇವಲ ಭೌತಿಕವಾಗಿತ್ತು. ಬುದ್ಧಿಯೆಲ್ಲ ತಂತಿಯ ಒಂದು ತುದಿಯಲ್ಲಿ, ಕೀಲಿಮಣೆ ಮತ್ತು ಅಚ್ಚಿನ ಯಂತ್ರ ಇನ್ನೊಂದು ತುದಿಯಲ್ಲಿ. ಇವೆರಡರ ನಡುವೆ ಹಾಯಬಲ್ಲದ್ದು ಒಂದೊಂದಾಗಿ ಸಾಗುವ ಅಕ್ಷರಗಳ ಸಾಲು ಮಾತ್ರ. ಇದನ್ನು ಯಾರೂ ಆದರ್ಶವೆಂದು ಆರಿಸಿಕೊಂಡಿರಲಿಲ್ಲ. ಅಂದು ದೊರೆಯುತ್ತಿದ್ದ ಸಲಕರಣೆ ಅದು.

೩. ಶೆಲ್ಲಿನ ಹುಟ್ಟು

ತಂತಿಯ ಈಚಿನ ತುದಿಯಿಂದ ಬಂದ ಆದೇಶವನ್ನು ಆಚಿನ ತುದಿಯಲ್ಲಿ ಓದುವವರಾರು? ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ ಆ ಕೆಲಸವು ವ್ಯವಸ್ಥೆಯ ಒಡಲಿಗೇ ಸೇರಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಫ್ರಾನ್ಸಿನ ಲೂಯಿ ಪೂಜಾಂ ಎಂಬವರು ೧೯೬೩-೬೪ರ ಸುಮಾರಿಗೆ ರನ್‌ಕಾಮ್ ಎಂಬ ಕ್ರಮವಿಧಿಯನ್ನು ಬರೆದರು. ಮತ್ತೆ ಮತ್ತೆ ಕೊಡಬೇಕಾದ ಆದೇಶಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಒಟ್ಟಿಗೆ ನಡೆಸುವುದು ಅದರ ಉದ್ದೇಶ. ಇದರಿಂದ ಪೂಜಾಂ ಅವರಿಗೆ ಮುಖ್ಯವಾದ ಒಂದು ಭಾವನೆ ಹೊಳೆಯಿತು: ಆದೇಶಗಳನ್ನು ಓದಿ ನಡೆಸುವ ಭಾಗವೂ ಉಳಿದ ಕ್ರಮವಿಧಿಗಳಂತೆ ಸಾಮಾನ್ಯವಾದ ಒಂದು ಕ್ರಮವಿಧಿಯಾಗಿರಬೇಕು, ಆದೇಶಗಳನ್ನು ಒಂದರೊಡನೊಂದು ಜೋಡಿಸುವ ಸಣ್ಣ ಭಾಷೆಯಂತೆ ಅದು ವರ್ತಿಸಬೇಕು. ಇದಕ್ಕೆ ಅವರು ಕೊಟ್ಟ ಹೆಸರೇ ಶೆಲ್, ಅಂದರೆ ಚಿಪ್ಪು. ಮುಂದೆ ನಿರ್ಮಾಣವಾಗಲಿದ್ದ ಮಲ್ಟಿಕ್ಸ್ ವ್ಯವಸ್ಥೆಗಾಗಿ ಅವರು ಈ ಭಾವನೆಯನ್ನು ವಿವರಿಸಿ ಬರೆದರು. ೧೯೬೫ರಲ್ಲಿ ಅವರು ಸ್ವದೇಶಕ್ಕೆ ಮರಳಿದ ಬಳಿಕ ಗ್ಲೆಂಡಾ ಶ್ರೋಡರ್ ಅವರು ಮಲ್ಟಿಕ್ಸಿನ ಮೊದಲ ಶೆಲ್ಲನ್ನು ಕಾರ್ಯರೂಪಕ್ಕೆ ತಂದರು. ಇಂದಿನ ಶೆಲ್ಲುಗಳ ವ್ಯವಸ್ಥಾ ಕಡತಗಳ ಹೆಸರಿನ ಕೊನೆಯಲ್ಲಿ ಕಾಣುವ ಆರ್‌ಸಿ ಎಂಬ ಎರಡಕ್ಷರಗಳು ರನ್‌ಕಾಮ್ ಎಂಬ ಆ ಹಳೆಯ ಹೆಸರಿನ ಅವಶೇಷಗಳು.

ಬೆಲ್ ಪ್ರಯೋಗಾಲಯವು ೧೯೬೯ರಲ್ಲಿ ಮಲ್ಟಿಕ್ಸ್ ಯೋಜನೆಯಿಂದ ಹಿಂದೆ ಸರಿಯಿತು. ಅದೇ ವರ್ಷ ಅಲ್ಲಿನ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅವರು ಪಿಡಿಪಿ-೭ ಎಂಬ ಸಣ್ಣ ಯಂತ್ರದ ಮೇಲೆ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರ ಮೊದಲ ಅವಸ್ಥೆಯಲ್ಲಿ ಯಂತ್ರಕ್ಕೆ ಸೇರಿಸಿದ್ದ ಎರಡು ಟರ್ಮಿನಲ್ಲುಗಳಿಗೆ ಒಂದೊಂದರಂತೆ ಎರಡೇ ಪ್ರಕ್ರಿಯೆಗಳು ಇದ್ದವು. ಶೆಲ್ಲು ಆದೇಶವನ್ನು ಓದಿ, ಆ ಆದೇಶದ ಕ್ರಮವಿಧಿಯನ್ನು ತನ್ನದೇ ಸ್ಥಾನಕ್ಕೆ ತುಂಬಿಕೊಂಡು ತಾನು ಅಳಿಯುತ್ತಿತ್ತು. ಕೆಲಸ ಮುಗಿದೊಡನೆ ವ್ಯವಸ್ಥೆಯು ಶೆಲ್ಲಿನ ಹೊಸ ಪ್ರತಿಯೊಂದನ್ನು ಮತ್ತೆ ತಂದು ನಿಲ್ಲಿಸುತ್ತಿತ್ತು. ಅನಂತರ ಒಂದು ಪ್ರಕ್ರಿಯೆಯು ತನ್ನಂತೆಯೇ ಇರುವ ಇನ್ನೊಂದನ್ನು ಕವಲೊಡೆಯುವ ಫೋರ್ಕ್ ಎಂಬ ಸೌಲಭ್ಯವನ್ನು ಸೇರಿಸಿದರು. ಇದಕ್ಕೆ ಬೇಕಾದ ಯಂತ್ರಭಾಷೆಯ ಸಾಲುಗಳು ೨೭ ಮಾತ್ರ ಎಂದು ರಿಚಿ ಅವರು ದಾಖಲಿಸಿದ್ದಾರೆ. ಅಂದಿನಿಂದ ಶೆಲ್ಲು ತಾನು ಉಳಿದುಕೊಂಡು, ಕವಲಿನ ಮೂಲಕ ಆದೇಶವನ್ನು ನಡೆಸಲು ಸಮರ್ಥವಾಯಿತು.

ಇದರ ಬೆನ್ನಿಗೇ ಒಂದು ತೊಡಕು ತಲೆದೋರಿತು. ಕೆಲಸ ನಡೆಯುತ್ತಿರುವ ಕಡತಕೋಶವನ್ನು ಬದಲಾಯಿಸುವ ಆದೇಶವು ಫಲಿಸದೆ ಹೋಯಿತು. ವಿಚಾರಿಸಿ ನೋಡಿದಾಗ, ಆ ಆದೇಶವು ಕವಲಿನ ಕಡತಕೋಶವನ್ನು ಸರಿಯಾಗಿಯೇ ಬದಲಾಯಿಸುತ್ತಿದ್ದಿತು. ಆದರೆ ಕವಲು ಮರುಕ್ಷಣವೇ ಅಳಿಯುತ್ತಿದ್ದುದರಿಂದ ಮೂಲ ಶೆಲ್ಲಿಗೆ ಅದು ಮುಟ್ಟುತ್ತಿರಲಿಲ್ಲ. ಆದಕಾರಣ ಆ ಒಂದು ಆದೇಶವನ್ನು ಶೆಲ್ಲಿನ ಒಳಗೇ ಅಳವಡಿಸಬೇಕಾಯಿತು. ಇಂದು ಹೊಸದಾಗಿ ಶೆಲ್ಲನ್ನು ಬರೆಯುವ ವಿದ್ಯಾರ್ಥಿಯು ಮೊದಲು ಎಡವುವ ಸ್ಥಳವೂ ಇದೇ.

ಶೆಲ್ಲು ಸಾಮಾನ್ಯ ಕ್ರಮವಿಧಿಯಾದುದರ ಫಲ ಹಲವು ಬಗೆಯಾಗಿ ಕಾಣಿಸಿಕೊಂಡಿತು. ೧೯೭೧ರ ನವೆಂಬರಿನ ಮೊದಲ ಆವೃತ್ತಿಯಲ್ಲಿಯೇ < ಮತ್ತು > ಎಂಬ ಚಿಹ್ನೆಗಳಿಂದ ಒಂದು ಕ್ರಮವಿಧಿಯ ಒಳಹರಿವನ್ನೂ ಹೊರಹರಿವನ್ನೂ ಕಡತಗಳಿಗೆ ತಿರುಗಿಸಬಹುದಾಗಿತ್ತು. ಕ್ರಮವಿಧಿಗಳನ್ನು ತೋಟದ ಕೊಳವೆಗಳಂತೆ ಒಂದಕ್ಕೊಂದು ಜೋಡಿಸಬೇಕೆಂದು ಡಗ್ಲಸ್ ಮೆಕಿಲ್ರಾಯ್ ಅವರು ೧೯೬೪ರಲ್ಲಿಯೇ ಸೂಚಿಸಿದ್ದರು. ಪೈಪ್ ಎಂಬ ಹೆಸರಿನಿಂದ ಆ ಸೂಚನೆಯು ೧೯೭೩ರ ಮೂರನೆಯ ಆವೃತ್ತಿಯ ಕೈಪಿಡಿಯಲ್ಲಿ ಕಾಣಿಸಿಕೊಂಡಿತು. ಇನ್ನೂ ಮಹತ್ತ್ವದ ಸಂಗತಿಯೊಂದನ್ನು ಥಾಮ್ಸನ್ ಮತ್ತು ರಿಚಿ ಅವರ ೧೯೭೪ರ ಪ್ರಸಿದ್ಧ ಪ್ರಬಂಧದಲ್ಲಿ ನೋಡಬಹುದು. ಪ್ರತಿಯೊಬ್ಬ ಬಳಕೆದಾರನ ದಾಖಲೆಯಲ್ಲಿಯೂ ಅವನು ಪ್ರವೇಶಿಸಿದೊಡನೆ ಯಾವ ಕ್ರಮವಿಧಿಯು ಆರಂಭವಾಗಬೇಕೆಂದು ಬರೆದಿಡಬಹುದಾಗಿತ್ತು. ಪತ್ರವ್ಯವಹಾರದ ಬರವಣಿಗೆಗೆ ವ್ಯವಸ್ಥೆಯನ್ನು ಬಳಸುತ್ತಿದ್ದವರಿಗೆ ಶೆಲ್ಲಿನ ಬದಲು ಪಠ್ಯ ತಿದ್ದುವ ಕ್ರಮವಿಧಿಯೇ ನೇರವಾಗಿ ತೆರೆಯುತ್ತಿತ್ತು. ಯಂತ್ರದೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಯಂತ್ರದ ಒಡೆಯರು ಎಲ್ಲರಿಗೂ ಒಂದೇ ಎಂದು ಗೊತ್ತುಮಾಡದೆ, ಬಳಕೆದಾರನ ಅಗತ್ಯಕ್ಕೆ ಬಿಟ್ಟುಕೊಟ್ಟಂತಾಯಿತು. ಸ್ಟೀಫನ್ ಬೋರ್ನ್ ಅವರ ೧೯೭೯ರ ಶೆಲ್ಲು, ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ಲು, ಬ್ರಯನ್ ಫಾಕ್ಸ್ ಅವರು ೧೯೮೯ರಲ್ಲಿ ಹೊರತಂದ ಬ್ಯಾಶ್, ಇವೆಲ್ಲವೂ ಕಾರ್ಯಾಚರಣ ವ್ಯವಸ್ಥೆಯ ಒಡಲನ್ನು ಮುಟ್ಟದೆಯೇ ಬರಲು ಸಾಧ್ಯವಾದದ್ದು ಇದೇ ಕಾರಣದಿಂದ. ಇದು ಯಂತ್ರದ ಅನಿವಾರ್ಯತೆಯಿಂದ ಬಂದದ್ದಲ್ಲ. ವಿವೇಚನೆಯಿಂದ ಮಾಡಿದ ನಿರ್ಧಾರದ ಫಲ.

೪. ನಡುವಣ ಮಧ್ಯವರ್ತಿ

ಟರ್ಮಿನಲ್ಲಿಗೂ ಶೆಲ್ಲಿಗೂ ನಡುವೆ ನಿಂತಿರುವ ಭಾಗವನ್ನು ಲೈನ್ ಡಿಸಿಪ್ಲಿನ್, ಅಂದರೆ ಸಾಲಿನ ಶಿಸ್ತು, ಎಂದು ಕರೆಯುತ್ತಾರೆ. ಇದು ಕಾರ್ಯಾಚರಣ ವ್ಯವಸ್ಥೆಯ ಒಡಲಿನಲ್ಲಿರುತ್ತದೆ. ಕೀಲಿಯನ್ನು ಒತ್ತಿದಾಗ ಆ ಅಕ್ಷರವು ಪರದೆಯ ಮೇಲೆ ಮೂಡುವುದು ಟರ್ಮಿನಲ್ಲಿನ ಕೆಲಸವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅಕ್ಷರವು ತಂತಿಯ ಆಚಿನ ತುದಿಗೆ ಹೋಗಿ, ಅಲ್ಲಿಂದ ಪ್ರತಿಧ್ವನಿಯಂತೆ ಮರಳಿ ಬಂದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಗುಪ್ತಪದವನ್ನು ಬರೆಯುವಾಗ ಪರದೆಯು ಖಾಲಿಯಾಗಿ ಉಳಿಯುವುದಕ್ಕೆ ಕಾರಣವೇನೆಂದರೆ, ಆ ಹೊತ್ತಿಗೆ ಪ್ರತಿಧ್ವನಿಯನ್ನು ನಿಲ್ಲಿಸಿರುತ್ತಾರೆ.

ಸಾಲನ್ನು ತಿದ್ದುವ ಕೆಲಸವೂ ಈ ಮಧ್ಯವರ್ತಿಗೇ ಸೇರಿತ್ತು. ಮೊದಲ ಯುನಿಕ್ಸಿನಲ್ಲಿ ಹಿಂದಿನ ಅಕ್ಷರವನ್ನು ಅಳಿಸಲು # ಎಂಬ ಚಿಹ್ನೆಯನ್ನೂ, ಇಡೀ ಸಾಲನ್ನು ಕೈಬಿಡಲು @ ಎಂಬ ಚಿಹ್ನೆಯನ್ನೂ ಒತ್ತಬೇಕಾಗಿತ್ತು. ಕಾಗದದ ಮೇಲೆ ಮೂಡಿದ್ದು ಅಳಿಯುವಂತಿಲ್ಲವಾದ್ದರಿಂದ, ತಪ್ಪಿನ ಮುಂದೆ ತಿದ್ದುಪಡಿಯ ಗುರುತನ್ನು ಬರೆಯುವುದೊಂದೇ ಉಪಾಯವಾಗಿತ್ತು. ಸಾಲು ಪೂರ್ಣವಾದ ಮೇಲೆ ಶುದ್ಧಗೊಂಡ ಪ್ರತಿಯು ಶೆಲ್ಲಿಗೆ ಮುಟ್ಟುತ್ತಿತ್ತು. ನಡೆಯುತ್ತಿರುವ ಕ್ರಮವಿಧಿಯನ್ನು ತಡೆಯುವ ಕೀಲಿಯನ್ನು ಗುರುತಿಸಿ ಸಂಜ್ಞೆಯನ್ನು ಕಳುಹಿಸುವುದೂ ಇದರದೇ ಕೆಲಸ. ದೂರವಾಣಿಯ ಸಂಪರ್ಕ ಕಡಿದುಹೋದರೆ ಆ ತಂತಿಯಲ್ಲಿ ನಡೆಯುತ್ತಿದ್ದ ಕ್ರಮವಿಧಿಗಳಿಗೆ ಹ್ಯಾಂಗಪ್ ಎಂಬ ಸಂಜ್ಞೆಯು ಹೋಗುತ್ತಿತ್ತು. ಇಂದು ಪರದೆಯ ಮೇಲಿನ ಚೌಕವನ್ನು ಮುಚ್ಚಿದಾಗ ಶೆಲ್ಲಿಗೆ ತಲುಪುವುದು ಇದೇ ಸಂಜ್ಞೆ. ಕೆಳಗಿಡುವುದಕ್ಕೆ ದೂರವಾಣಿ ಇಲ್ಲದಿದ್ದರೂ ಹೆಸರು ಉಳಿದಿದೆ.

೫. ಗಾಜಿನ ಟರ್ಮಿನಲ್ಲುಗಳು

೧೯೭೦ರ ದಶಕದಲ್ಲಿ ಕಾಗದದ ಸ್ಥಾನವನ್ನು ಗಾಜಿನ ಪರದೆಯು ಆಕ್ರಮಿಸಿತು. ೧೯೭೬ರ ಎಡಿಎಂ-೩ಎ, ೧೯೭೮ರ ವಿಟಿ೧೦೦ ಇವು ಈ ವರ್ಗದಲ್ಲಿ ಹೆಸರಾದವು. ವಿಟಿ೧೦೦ರ ಪರದೆಯಲ್ಲಿ ೨೪ ಸಾಲುಗಳು, ಸಾಲಿಗೆ ೮೦ ಅಕ್ಷರಗಳು. ಐಬಿಎಂ ಸಂಸ್ಥೆಯು ೧೯೨೮ರಲ್ಲಿ ತಂದ ತೂತುಕಾರ್ಡಿನಲ್ಲಿಯೂ ೮೦ ಕಂಬಗಳೇ ಇದ್ದವೆಂಬುದು ಇಲ್ಲಿ ಸ್ಮರಣೀಯ.

ಪರದೆಯ ಮೇಲೆ ಯಾವ ಸ್ಥಾನದಲ್ಲಾದರೂ ಬರೆಯಬಹುದೆಂಬುದು ಗಾಜಿನ ಟರ್ಮಿನಲ್ಲು ತಂದ ಹೊಸತನ. ಆದರೆ ನಡುವೆ ಇದ್ದ ತಂತಿಯು ಅಕ್ಷರಗಳನ್ನಲ್ಲದೆ ಬೇರೇನನ್ನೂ ಒಯ್ಯಲಾರದು. ಆದಕಾರಣ ಚಲನೆಯ ಆಜ್ಞೆಗಳನ್ನೂ ಅಕ್ಷರಗಳ ವೇಷದಲ್ಲಿಯೇ ಕಳುಹಿಸಬೇಕಾಯಿತು. ಎಸ್ಕೇಪ್ ಎಂಬ ಸಂಕೇತದಿಂದ ಆರಂಭವಾಗುವ ಅಕ್ಷರಗುಚ್ಛವನ್ನು ಟರ್ಮಿನಲ್ಲು ಅಚ್ಚುಹಾಕದೆ, ಅದರ ಸೂಚನೆಯಂತೆ ನಡೆಯಬೇಕೆಂದು ಗೊತ್ತುಮಾಡಿದರು. ಪ್ರತಿಯೊಬ್ಬ ತಯಾರಕನೂ ತನ್ನದೇ ಗುಚ್ಛಗಳನ್ನು ಕಲ್ಪಿಸಿದ್ದರಿಂದ ಗೊಂದಲವುಂಟಾಯಿತು. ಬಿಲ್ ಜಾಯ್ ಅವರು ೧೯೭೮ರಲ್ಲಿ ಎಲ್ಲ ಟರ್ಮಿನಲ್ಲುಗಳ ಲಕ್ಷಣಗಳನ್ನು ಒಂದು ಕಡತದಲ್ಲಿ ಪಟ್ಟಿಮಾಡುವ ಟರ್ಮ್‌ಕ್ಯಾಪ್ ಪದ್ಧತಿಯನ್ನು ತಂದರು. ೧೯೭೬ರ ಐರೋಪ್ಯ ಮಾನಕವೂ ೧೯೭೯ರ ಅಮೆರಿಕನ್ ಮಾನಕವೂ ಗುಚ್ಛಗಳಿಗೆ ಒಂದು ಏಕರೂಪವನ್ನು ಕೊಟ್ಟವು. ವಿಟಿ೧೦೦ ಈ ಮಾನಕವನ್ನು ಅನುಸರಿಸಿ ಬಹಳವಾಗಿ ಮಾರಾಟವಾದದ್ದರಿಂದ, ಅನಂತರದ ಟರ್ಮಿನಲ್ಲುಗಳೆಲ್ಲ ಅದನ್ನು ಮಾದರಿಯಾಗಿಟ್ಟುಕೊಂಡವು.

ಗಮನಿಸತಕ್ಕ ವಿಷಯವೇನೆಂದರೆ, ಈ ಹಂತದಲ್ಲಿ ಪರದೆಯನ್ನು ಸಮಾನವಾದ ಚಿಕ್ಕ ಕೋಶಗಳ ಜಾಲವೆಂದು ಭಾವಿಸುವ ಕ್ರಮವು ದೃಢವಾಯಿತು. ಒಂದು ಕೋಶಕ್ಕೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಸಂಕೇತ. ಇಂಗ್ಲಿಷ್ ಲಿಪಿಗೆ ಇದು ಸಹಜವಾಗಿ ಒಪ್ಪಿತು. ಬೇರೆ ಲಿಪಿಗಳ ಪ್ರಶ್ನೆಯು ಆಗ ಆ ಯಂತ್ರಗಳ ನಿರ್ಮಾಪಕರ ಮುಂದೆ ಇರಲಿಲ್ಲ.

೬. ತಂತಿ ಹೋದ ಮೇಲೆ

೧೯೮೦ರ ದಶಕದಲ್ಲಿ ಎರಡು ಬದಲಾವಣೆಗಳು ಒಟ್ಟಿಗೆ ನಡೆದವು. ಗಣಕಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದನ್ನು ಪ್ರವೇಶಿಸುವುದು ರೂಢಿಗೆ ಬಂದಿತು. ಒಂದೇ ಪರದೆಯ ಮೇಲೆ ಹಲವು ಚೌಕಗಳನ್ನು ತೆರೆಯುವ ಯಂತ್ರಗಳೂ ಬಂದವು. ಎರಡು ಸಂದರ್ಭಗಳಲ್ಲಿಯೂ ಶೆಲ್ಲಿನ ಎದುರಿಗೆ ನಿಜವಾದ ಟರ್ಮಿನಲ್ ಯಂತ್ರವಿರಲಿಲ್ಲ. ಆದರೆ ಶೆಲ್ಲೂ ಅದರ ಒಡನಾಡಿ ಕ್ರಮವಿಧಿಗಳೂ ತಂತಿಯ ತುದಿಯಲ್ಲಿ ಟರ್ಮಿನಲ್ ಇದೆಯೆಂಬ ನಂಬಿಕೆಯ ಮೇಲೆಯೇ ರಚಿತವಾಗಿದ್ದವು. ಅವೆಲ್ಲವನ್ನೂ ಹೊಸದಾಗಿ ಬರೆಯುವುದಕ್ಕಿಂತ, ಇಲ್ಲದ ತಂತಿಯನ್ನು ಇರುವಂತೆ ತೋರಿಸುವುದು ಸುಲಭವಾಗಿ ಕಂಡಿತು. ಇದೇ ಹುಸಿ ಟರ್ಮಿನಲ್. ಇಂಥ ಉಪಾಯವು ೧೯೬೦ರ ದಶಕದ ಪಿಡಿಪಿ-೬ ಯಂತ್ರದ ವ್ಯವಸ್ಥೆಯಲ್ಲಿಯೂ ಇದ್ದಿತಾದರೂ, ೧೯೮೩ರ ೪.೨ ಬಿಎಸ್‌ಡಿ ಯುನಿಕ್ಸಿನ ಮೂಲಕ ಅದು ವ್ಯಾಪಕವಾಗಿ ಹರಡಿತು.

ಹುಸಿ ಟರ್ಮಿನಲ್ಲಿಗೆ ಎರಡು ತುದಿಗಳು. ಒಂದು ತುದಿಯನ್ನು ಚೌಕವನ್ನು ಬಿಡಿಸುವ ಕ್ರಮವಿಧಿಯು ಹಿಡಿದಿರುತ್ತದೆ. ಇದನ್ನು ಒಡೆಯನ ತುದಿ ಎನ್ನಬಹುದು. ಇನ್ನೊಂದು ತುದಿಯು ಶೆಲ್ಲಿಗೆ ನಿಜವಾದ ಟರ್ಮಿನಲ್ಲಿನಂತೆಯೇ ಕಾಣುತ್ತದೆ. ಇದು ಅಧೀನ ತುದಿ. ನಡುವೆ ಅದೇ ಹಳೆಯ ಸಾಲಿನ ಶಿಸ್ತು. ೧೯೮೪ರ ಬೇಸಗೆಯಲ್ಲಿ ಮಾರ್ಕ್ ವಾಂಡೆವೂರ್ಡ್ ಎಂಬ ವಿದ್ಯಾರ್ಥಿಯು ಬರೆಯಲಾರಂಭಿಸಿದ ಎಕ್ಸ್‌ಟರ್ಮ್ ಎಂಬುದು ಈ ಬಗೆಯ ಕ್ರಮವಿಧಿಗಳಲ್ಲಿ ದೀರ್ಘಾಯುಷಿಯಾದದ್ದು.

ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಅವರ ೧೯೯೧ರ ಪ್ರಯತ್ನವನ್ನು ಇಲ್ಲಿ ಪ್ರಸ್ತಾಪಿಸದಿರಲಾಗದು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಗಣಕವನ್ನು ಮನೆಯಿಂದ ದೂರವಾಣಿಯ ಮೂಲಕ ಪ್ರವೇಶಿಸುವುದಕ್ಕಾಗಿ ಅವರು ತಮ್ಮ ಹೊಸ ಯಂತ್ರದ ಮೇಲೆ ಒಂದು ಟರ್ಮಿನಲ್ ಕ್ರಮವಿಧಿಯನ್ನು ಬರೆದರು. ಅದರಲ್ಲಿ ಎರಡು ಎಳೆಗಳು ಸರದಿಯಂತೆ ನಡೆಯುತ್ತಿದ್ದವು: ಒಂದು ಕೀಲಿಮಣೆಯಿಂದ ದೂರವಾಣಿಯ ಕಡೆಗೆ, ಇನ್ನೊಂದು ದೂರವಾಣಿಯಿಂದ ಪರದೆಯ ಕಡೆಗೆ. ದೂರದಿಂದ ತಂದ ಕಡತಗಳನ್ನು ಉಳಿಸಿಕೊಳ್ಳಬೇಕೆಂದಾಗ ಡಿಸ್ಕಿನ ಚಾಲಕವನ್ನೂ ಕಡತವ್ಯವಸ್ಥೆಯನ್ನೂ ಸೇರಿಸಿದರು. ಹೀಗೆ ಬೆಳೆದ ಟರ್ಮಿನಲ್ಲು ತಾನೇ ಕಾರ್ಯಾಚರಣ ವ್ಯವಸ್ಥೆಯಾಯಿತು. ಅದೇ ವರ್ಷದ ಆಗಸ್ಟ್ ೨೫ರ ಅವರ ಪ್ರಕಟಣೆಯಲ್ಲಿ, ಆ ವ್ಯವಸ್ಥೆಯ ಮೇಲೆ ಬ್ಯಾಶ್ ಶೆಲ್ಲು ನಡೆಯುತ್ತಿರುವುದಾಗಿ ತಿಳಿಸಿದರು. ಲಿನಕ್ಸ್ ಎಂದು ಹೆಸರಾದದ್ದು ಈ ವ್ಯವಸ್ಥೆಯೇ.

೭. ಸರಳ ಟರ್ಮಿನಲ್ಲಿನ ರಚನೆ

ಮೇಲಿನ ಇತಿಹಾಸದ ಬೆಳಕಿನಲ್ಲಿ, ಶೆಲ್ಲೊಂದಕ್ಕೆ ಆಶ್ರಯ ಕೊಡುವ ಸರಳ ಟರ್ಮಿನಲ್ ಕ್ರಮವಿಧಿಯನ್ನು ಇಂದು ಹೇಗೆ ಕಟ್ಟಬೇಕೆಂಬುದನ್ನು ನೋಡಬಹುದು. ಮೊದಲು ಹುಸಿ ಟರ್ಮಿನಲ್ಲಿನ ಒಡೆಯನ ತುದಿಯನ್ನು ವ್ಯವಸ್ಥೆಯಿಂದ ಕೇಳಿ ಪಡೆಯಬೇಕು. ಅನಂತರ ಕ್ರಮವಿಧಿಯು ಎರಡಾಗಿ ಕವಲೊಡೆಯಬೇಕು. ಕವಲಾದ ಪ್ರಕ್ರಿಯೆಯು ಹೊಸ ಅಧಿವೇಶನವನ್ನು ಆರಂಭಿಸಿ, ಅಧೀನ ತುದಿಯನ್ನು ತೆರೆದು, ಅದನ್ನೇ ತನ್ನ ನಿಯಂತ್ರಕ ಟರ್ಮಿನಲ್ಲಾಗಿ ಮಾಡಿಕೊಳ್ಳಬೇಕು. ತನ್ನ ಒಳಹರಿವು, ಹೊರಹರಿವು, ದೋಷವರದಿ ಈ ಮೂರನ್ನೂ ಅದಕ್ಕೆ ಜೋಡಿಸಬೇಕು. ಕಡೆಗೆ ಶೆಲ್ಲನ್ನು ತನ್ನ ಸ್ಥಾನಕ್ಕೆ ತುಂಬಿಕೊಳ್ಳಬೇಕು. ಮೂಲ ಪ್ರಕ್ರಿಯೆಯು ಎರಡು ಕಡೆಗೆ ಕಿವಿಗೊಟ್ಟು ಕುಳಿತಿರಬೇಕು: ಕೀಲಿ ಬಂದರೆ ಒಡೆಯನ ತುದಿಗೆ ಬರೆಯಬೇಕು, ಆ ತುದಿಯಿಂದ ಅಕ್ಷರ ಬಂದರೆ ಕೋಶಗಳ ಜಾಲದಲ್ಲಿ ಬಿಡಿಸಬೇಕು, ಎಸ್ಕೇಪ್ ಗುಚ್ಛ ಬಂದರೆ ಅದರಂತೆ ನಡೆಯಬೇಕು. ಚೌಕದ ಅಳತೆ ಬದಲಾದಾಗ ಹೊಸ ಅಳತೆಯನ್ನು ವ್ಯವಸ್ಥೆಗೆ ತಿಳಿಸಬೇಕು. ವ್ಯವಸ್ಥೆಯು ಅದನ್ನು ಒಂದು ಸಂಜ್ಞೆಯ ಮೂಲಕ ಚೌಕದಲ್ಲಿ ನಡೆಯುತ್ತಿರುವ ಕ್ರಮವಿಧಿಗೆ ಮುಟ್ಟಿಸುತ್ತದೆ.

ಈ ಹಂತಗಳಲ್ಲಿ ಒಂದೊಂದೂ ಒಂದೊಂದು ಕಾಲಕ್ಕೆ ಸೇರಿದ್ದು. ಅಕ್ಷರಗಳ ಸಾಲು ಟೆಲಿಟೈಪಿನದು. ಕವಲೊಡೆಯುವುದು ಪಿಡಿಪಿ-೭ರ ಯುನಿಕ್ಸಿನದು. ಎಸ್ಕೇಪ್ ಗುಚ್ಛಗಳು ವಿಟಿ೧೦೦ರವು. ಎರಡು ತುದಿಗಳ ಹುಸಿ ತಂತಿಯು ಬರ್ಕ್‌ಲಿಯ ಮೂಲಕ ಬಂದದ್ದು. ಹಲವು ಅರಸರ ಕಾಲದಲ್ಲಿ ಭಾಗಭಾಗವಾಗಿ ಬೆಳೆದ ದೇವಾಲಯದಲ್ಲಿ ಗರ್ಭಗೃಹವೊಂದು ಕಾಲದ್ದು, ಮುಖಮಂಟಪವೊಂದು ಕಾಲದ್ದು ಇರುವಂತೆ ಇದನ್ನೂ ಓದಬೇಕಾಗುತ್ತದೆ.

ಇಂಥ ವಿಭಜನೆಯು ಬೆಳೆಯದ ಕಡೆ ಏನಾಯಿತೆಂಬುದಕ್ಕೆ ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆಯು ನಿದರ್ಶನ. ಅದರ ಕನ್ಸೋಲಿನಲ್ಲಿ ಕ್ರಮವಿಧಿಗಳು ಅಕ್ಷರಗುಚ್ಛಗಳನ್ನು ಕಳುಹಿಸುವುದಕ್ಕೆ ಬದಲಾಗಿ ವ್ಯವಸ್ಥೆಯ ವಿಧಿಗಳನ್ನು ನೇರವಾಗಿ ಕರೆದು ಪರದೆಯನ್ನು ಮಾರ್ಪಡಿಸುತ್ತಿದ್ದವು. ಚೌಕವನ್ನು ಬಿಡಿಸುವ ಕೆಲಸವು ವ್ಯವಸ್ಥೆಗೇ ಅಂಟಿಕೊಂಡಿತ್ತು. ಪರಿಣಾಮವಾಗಿ ಹೊರಗಿನವರು ಬೇರೊಂದು ಟರ್ಮಿನಲ್ಲನ್ನು ಬರೆಯಬೇಕಾದರೆ, ಮರೆಯಲ್ಲಿ ನಿಜವಾದ ಕನ್ಸೋಲನ್ನು ತೆರೆದು ಅದರ ಮೇಲಿನ ಅಕ್ಷರಗಳನ್ನು ಕದ್ದು ಓದಬೇಕಾಗಿತ್ತು. ೨೦೧೮ರಲ್ಲಿ ಆ ಸಂಸ್ಥೆಯು ಹುಸಿ ಕನ್ಸೋಲ್ ಎಂಬ ಸೌಲಭ್ಯವನ್ನು ವಿಂಡೋಸ್ ೧೦ಕ್ಕೆ ಸೇರಿಸಿತು. ಅದನ್ನು ಬಳಸುವ ಹೊಸ ಟರ್ಮಿನಲ್ಲನ್ನು ೨೦೧೯ರಲ್ಲಿ ಘೋಷಿಸಿ, ೨೦೨೦ರ ಮೇ ತಿಂಗಳಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಿತು. ಯುನಿಕ್ಸಿಗೆ ದೂರದ ತಂತಿಯಿಂದ ಆಕಸ್ಮಿಕವಾಗಿ ದೊರೆತ ಅನುಕೂಲವನ್ನು ಇಲ್ಲಿ ಉದ್ದೇಶಪೂರ್ವಕವಾಗಿ ನಿರ್ಮಿಸಬೇಕಾಯಿತು. ಅನಿವಾರ್ಯತೆಯಿಂದ ಹುಟ್ಟಿದ್ದು ಕಾಲಾಂತರದಲ್ಲಿ ಗುಣವಾಗಿಯೂ ಪರಿಣಮಿಸಬಹುದೆಂಬುದಕ್ಕೆ ಇದು ಸಾಕ್ಷಿ.

೮. ಕೋಶ ಮತ್ತು ಕನ್ನಡ

ಆದರೆ ಇದೇ ಮೂಲದಿಂದ ದೋಷವೂ ಹುಟ್ಟಿದೆ. ೧೯೯೧ರಲ್ಲಿ ಇಸ್ಕಿ ಎಂಬ ಭಾರತೀಯ ಅಕ್ಷರಸಂಕೇತವನ್ನು ರಾಷ್ಟ್ರೀಯ ಮಾನಕವಾಗಿ ಪ್ರಕಟಿಸಲಾಯಿತು. ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅಲ್ಲಿಗೆ ಸಂಕೇತದ ಪ್ರಶ್ನೆಯು ಬಹುಮಟ್ಟಿಗೆ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಕೋಶದ ಪ್ರಶ್ನೆ.

‘ಸ್ತ್ರೀ’ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕನ್ನಡ ಬಲ್ಲವನಿಗೆ ಇದು ಒಂದು ಅಕ್ಷರ. ಯುನಿಕೋಡಿನಲ್ಲಿ ಇದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಚಿಹ್ನೆ ಎಂಬ ೬ ಸಂಕೇತಗಳ ಸಾಲು. ಬಳಕೆಯಲ್ಲಿರುವ ಯುಟಿಎಫ್-೮ ಪದ್ಧತಿಯಲ್ಲಿ ೧೮ ಬೈಟುಗಳು. ಟರ್ಮಿನಲ್ಲು ಇದಕ್ಕೆ ಎಷ್ಟು ಕೋಶಗಳನ್ನು ಕೊಡಬೇಕು? ಒಂದೊಂದು ಸಂಕೇತಕ್ಕೂ ಪ್ರತ್ಯೇಕವಾಗಿ ಅಗಲವನ್ನು ಗೊತ್ತುಮಾಡುವುದು ರೂಢಿಯಲ್ಲಿರುವ ಎಣಿಕೆ. ವಿರಾಮಕ್ಕೆ ಸೊನ್ನೆ, ವ್ಯಂಜನಕ್ಕೆ ಒಂದು, ಈಕಾರದ ಚಿಹ್ನೆಗೆ ಒಂದು ಎಂದು ಕೂಡಿಸಿದರೆ ೪ ಕೋಶಗಳಾಗುತ್ತವೆ. ಒತ್ತಕ್ಷರಗಳು ಕೆಳಗೆ ಇಳಿದು ಕೂಡುವ ನಮ್ಮ ಲಿಪಿಯಲ್ಲಿ ಆ ಅಕ್ಷರವು ನಿಜವಾಗಿ ಹಿಡಿಯುವ ಅಗಲಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ಅನೇಕ ಟರ್ಮಿನಲ್ಲುಗಳಲ್ಲಿ ಕನ್ನಡದ ಸಂಯುಕ್ತಾಕ್ಷರಗಳು ಒಡೆದು ಚದರಿ ಕಾಣುವುದಕ್ಕೆ ಇದೇ ಕಾರಣ. ಚೀನೀ ಮತ್ತು ಜಪಾನೀ ಲಿಪಿಚಿಹ್ನೆಗಳಿಗೆ ಎರಡು ಕೋಶಗಳೆಂದು ನಿಯಮ ಮಾಡಿ ನಿಭಾಯಿಸಿದರು, ಏಕೆಂದರೆ ಅಲ್ಲಿ ಪ್ರತಿಯೊಂದು ಚಿಹ್ನೆಯೂ ಒಂದೇ ಅಗಲದ್ದು. ನಮ್ಮ ಲಿಪಿಗೆ ಆ ಉಪಾಯ ಸಲ್ಲದು.

ತೊಡಕು ಪರದೆಗೆ ಮಾತ್ರ ಸೀಮಿತವಾಗಿಲ್ಲ. ಅಳಿಸುವ ಕೆಲಸವು ಮಧ್ಯವರ್ತಿ ಭಾಗದ್ದೆಂದು ಹಿಂದೆಯೇ ಹೇಳಿದೆವು. ಲಿನಕ್ಸಿನ ಸಾಲಿನ ಶಿಸ್ತು ಮೊದಲು ಒಂದು ಒತ್ತಿಗೆ ಒಂದು ಬೈಟನ್ನು ಅಳಿಸುತ್ತಿತ್ತು. ೨೦೦೪ರಲ್ಲಿ ಒಂದು ಒತ್ತಿಗೆ ಒಂದು ಯುನಿಕೋಡ್ ಸಂಕೇತವನ್ನು ಅಳಿಸುವ ಏರ್ಪಾಡು ಬಂದಿತು. ಇದರಂತೆ ಮಧ್ಯವರ್ತಿಯೇ ಸಾಲನ್ನು ತಿದ್ದುವ ಸಂದರ್ಭದಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಅಳಿಸಲು ಆರು ಬಾರಿ ಕೀಲಿಯನ್ನು ಒತ್ತಬೇಕು. ಪ್ರತಿ ಒತ್ತಿಗೂ ಪರದೆಯ ಮೇಲೆ ಒಂದು ಕೋಶ ಹಿಂದಕ್ಕೆ ಸರಿಯುವುದರಿಂದ, ನಾಲ್ಕು ಕೋಶಗಳಲ್ಲಿದ್ದ ಅಕ್ಷರಕ್ಕಾಗಿ ಆರು ಕೋಶಗಳು ಅಳಿದು, ಅದರ ಹಿಂದಿದ್ದ ಬರವಣಿಗೆಯೂ ಮರೆಯಾಗುತ್ತದೆ. ಟೆಲಿಟೈಪಿನ ಗಾಡಿಯು ಒಂದು ಹೆಜ್ಜೆಗೆ ಒಂದು ಅಕ್ಷರದಂತೆ ಸರಿಯುತ್ತಿದ್ದ ಕಾಲದ ಭಾವನೆಯು ಇಲ್ಲಿ ಇಂದಿಗೂ ಆಳುತ್ತಿದೆ.

ಇದರ ಪರಿಣಾಮವು ಕಡೆಗಣಿಸತಕ್ಕದ್ದಲ್ಲ. ಕಡತದ ಹೆಸರನ್ನು ಕನ್ನಡದಲ್ಲಿ ಇಡಲು ವ್ಯವಸ್ಥೆಯು ಅಡ್ಡಿಮಾಡುವುದಿಲ್ಲ. ಕನ್ನಡ ಪಠ್ಯವನ್ನು ಹುಡುಕುವ, ಜೋಡಿಸುವ, ಎಣಿಸುವ ಕೆಲಸಗಳನ್ನು ಶೆಲ್ಲಿನ ಆದೇಶಗಳಿಂದ ನಡೆಸಲೂ ಸಾಧ್ಯ. ಶಾಸನಗಳ ಪಾಠಗಳನ್ನಾಗಲಿ ನಿಘಂಟಿನ ಸಾಮಗ್ರಿಯನ್ನಾಗಲಿ ಸಂಸ್ಕರಿಸುವ ಸಂಶೋಧಕನಿಗೆ ಇದಕ್ಕಿಂತ ಒದಗುವ ಸಾಧನ ಬೇರೆ ವಿರಳ. ಆದರೆ ತಾನು ಬರೆದದ್ದು ಪರದೆಯ ಮೇಲೆ ಸರಿಯಾಗಿ ಕಾಣದೆ ಹೋದಾಗ, ಇದು ಕನ್ನಡಕ್ಕೆ ಹೇಳಿಸಿದ್ದಲ್ಲವೆಂದು ಅವನು ಹಿಂದೆಗೆಯುತ್ತಾನೆ. ಶೆಲ್ಲಿಗೆ ಇರುವ ಶಕ್ತಿಯು ಟರ್ಮಿನಲ್ಲಿನ ದೋಷದಿಂದ ಅವನಿಗೆ ನಷ್ಟವಾಗುತ್ತದೆ.

೯. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಆದೇಶವನ್ನು ಅರ್ಥೈಸುವ ಭಾಗವು ಬದಲಾಯಿಸಬಹುದಾದ ಸಾಮಾನ್ಯ ಕ್ರಮವಿಧಿಯಾಗಿರಬೇಕೆಂಬುದು ಪೂಜಾಂ, ಥಾಮ್ಸನ್ ಮೊದಲಾದವರ ನಿರ್ಧಾರ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಅದು ಫಲಕೊಟ್ಟಿದೆ, ಅದನ್ನು ಉಳಿಸಿಕೊಳ್ಳಬೇಕು. ಪರದೆಯು ಸಮಾನ ಕೋಶಗಳ ಜಾಲ, ಕೋಶಕ್ಕೊಂದು ಸಂಕೇತ ಎಂಬುದು ಯಾರ ನಿರ್ಧಾರವೂ ಅಲ್ಲ. ಹಳೆಯ ಯಂತ್ರದ ಮಿತಿಯು ಆ ಯಂತ್ರವು ಹೋದ ಮೇಲೆಯೂ ಉಳಿದುಕೊಂಡದ್ದು. ಅದನ್ನು ಬದಲಾಯಿಸಬಹುದು. ಭಾರತೀಯ ಲಿಪಿಗಳನ್ನು ಕೂಡಿಸಿ ತೋರಿಸುವ ಪ್ರಯತ್ನವನ್ನು ಎಂಎಲ್‌ಟರ್ಮ್ ಮೊದಲಾದ ಕೆಲವು ಕ್ರಮವಿಧಿಗಳು ಈಗಾಗಲೇ ಮಾಡಿವೆ. ಪರದೆಯು ಒಂದು ಬಗೆಯಾಗಿಯೂ ಶೆಲ್ಲು ಇನ್ನೊಂದು ಬಗೆಯಾಗಿಯೂ ಅಗಲವನ್ನು ಎಣಿಸಿದರೆ ಪ್ರಯೋಜನವಿಲ್ಲ. ಟರ್ಮಿನಲ್, ಮಧ್ಯವರ್ತಿ, ಶೆಲ್ ಈ ಮೂರೂ ಅಕ್ಷರವೆಂದರೆ ಏನೆಂಬುದನ್ನು ಒಂದೇ ರೀತಿಯಲ್ಲಿ ಒಪ್ಪಿಕೊಂಡಾಗ ಮಾತ್ರ ಕಾರ್ಯಸಿದ್ಧಿ.

ಸರಳವಾದ ಟರ್ಮಿನಲ್ಲನ್ನು ಕಟ್ಟುವುದು ವಿದ್ಯಾರ್ಥಿಗಳ ಶಕ್ತಿಗೆ ಮೀರಿದ ಕೆಲಸವಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬರು ಅಲ್ಲಿಂದಲೇ ಆರಂಭಿಸಿದರೆಂಬುದನ್ನು ಕಂಡೆವು. ನಮ್ಮ ಕಾಲೇಜುಗಳಲ್ಲಿ ಇದನ್ನು ಅಭ್ಯಾಸವಾಗಿ ಕೊಡುವ ಅಧ್ಯಾಪಕರು, ಇಂಗ್ಲಿಷ್ ಅಕ್ಷರಗಳೊಡನೆ ನಿಲ್ಲದೆ, ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಸರಿಯಾಗಿ ಬರೆದು ಒಂದೇ ಒತ್ತಿಗೆ ಅಳಿಸುವುದನ್ನೂ ಪರೀಕ್ಷೆಯಾಗಿ ಇಟ್ಟರೆ, ಈ ಇತಿಹಾಸದ ಮುಂದಿನ ಅಧ್ಯಾಯಕ್ಕೆ ಕನ್ನಡಿಗರಿಂದಲೂ ಸಾಮಗ್ರಿ ಒದಗುವುದೆಂದು ನಾವು ನಂಬುತ್ತೇವೆ.